ಡಾಲ್ಫಿನ್ ಪಕ್ಕದ ಖಾಲಿ ಜಾಡಿ

ಹೋದ ವಾರ, ತೀರಿಕೊಂಡ ನಮ್ಮ ಕಾಲೇಜಿನ ಸರ್ ಒಬ್ಬರ ಶಿವಗಣಾರಾಧನೆಯ ಊಟಕ್ಕೆ ಚಾಮರಾಜಪೇಟೆಗೆ ಹೋಗಿದ್ದೆ. ಎಲೆಯ ಮುಂದೆ ಕೂತಾಗ ಪಕ್ಕದಲ್ಲಿದ್ದ ಹಳೆಯ ವಿದ್ಯಾರ್ಥಿಯೊಬ್ಬ, ಈಗ ತಲೆ ಅರ್ಧ ನೆರೆತವನು, ಕೋಸಂಬರಿ ಬಡಿಸಿದ ಮೇಲೆ ನನ್ನ ಕಡೆ ಬಾಗಿ ಮೆಲ್ಲಗೆ, "ಮೇಡಂ, ಸರ್ ಮನೇಲಿ ಇಷ್ಟು ನೆಮ್ಮದಿಯಾಗಿ ಊಟ ಮಾಡ್ತಿರೋದು ಇದೇ ಮೊದಲು" ಅಂದ. ಇಬ್ಬರಿಗೂ ನಗು ಬಂತು. ನನಗೆ ಅದರ ಬೆನ್ನಿಗೇ ಅಳುವೂ ಬಂತು.

ಅವನು ಹೇಳಿದ್ದು ನಿಜ. ಅವರ ಜೊತೆ ಊಟಕ್ಕೆ ಕೂತವರು ಯಾರೂ ನೆಮ್ಮದಿಯಾಗಿ ಎದ್ದದ್ದಿಲ್ಲ. ಸ್ಟಾಫ್ ರೂಮಿನಲ್ಲಿ ಡಬ್ಬಿ ಬಿಚ್ಚಿದರೆ ಸಾಕು, ತಿಮಿಂಗಿಲದ ಕರುಳು ಎಷ್ಟು ಉದ್ದ, ಸೀಲ್ ಮರಿಯ ಕೊಬ್ಬು ಹೇಗೆ ಬಲಿಯುತ್ತದೆ ಎಂದು ಶುರು ಮಾಡುತ್ತಿದ್ದರು. ತಾವು ಮಾತ್ರ ಜೋಳದ ರೊಟ್ಟಿ ಎಣ್ಣೆಗಾಯಿಯನ್ನು ಸಾವಕಾಶವಾಗಿ ಸವಿಯುತ್ತಿದ್ದರು. ಮೊಟ್ಟೆ ಸಹ ಮುಟ್ಟಿದವರಲ್ಲ. ಗಣಿತದ ಮೇಷ್ಟ್ರು ಒಬ್ಬರು ತಮ್ಮ ಡಬ್ಬಿ ಎತ್ತಿಕೊಂಡು ಲೈಬ್ರರಿಗೆ ಹೋಗಿಬಿಡುತ್ತಿದ್ದರು. "ಯಾಕೆ ಸರ್ ಎದ್ರಿ? ಇನ್ನೂ ಪಿತ್ತಕೋಶಕ್ಕೆ ಬಂದಿಲ್ಲ" ಎಂದು ಇವರು ನಿಜವಾಗಿಯೂ ಬೇಸರದಿಂದಲೇ ಕೇಳುತ್ತಿದ್ದರು.

ಬಸವನಗುಡಿಯ ನಮ್ಮ ಕಾಲೇಜಿನಲ್ಲಿ ಅವರು ಪ್ರಾಣಿಶಾಸ್ತ್ರ, ನಾನು ಸಸ್ಯಶಾಸ್ತ್ರ. ನಡುವೆ ಒಂದು ಕಾರಿಡಾರು. ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಅಚ್ಚಿನಲ್ಲಿ ತಮ್ಮ ಹೆಸರು ಕಂಡರೆ ಮುಜುಗರಪಡುವ ಪೈಕಿ ಅವರು. ಹುಡುಗರ ಬಾಯಲ್ಲಂತೂ ಅವರಿಗೆ ಬೇರೆಯೇ ಹೆಸರಿತ್ತು, 'ಆಮೇಲೆ ಸರ್'. ಯಾರು ಏನು ಹೇಳಿದರೂ "ಆಮೇಲೆ?" ಎಂದು ಕೇಳುವುದು ಅವರ ಅಭ್ಯಾಸ. ವೈವಾ ಪರೀಕ್ಷೆಯಲ್ಲಿ ಒಮ್ಮೆ ನಾನೂ ಕೂತಿದ್ದೆ. ಒಬ್ಬ ಹುಡುಗ ಪಾಚಿಯನ್ನು ಸಣ್ಣ ಜೀವಿಗಳು ತಿನ್ನುತ್ತವೆ ಅಂದ. ಆಮೇಲೆ? ಅವನ್ನು ಮೀನು ತಿನ್ನುತ್ತದೆ. ಆಮೇಲೆ? ಮೀನನ್ನು ನಾವು ತಿನ್ನುತ್ತೇವೆ. ಆಮೇಲೆ? ಹುಡುಗ ಬೆವರು ಒರೆಸಿಕೊಂಡು, "ಆಮೇಲೆ ಸಾಯ್ತೀವಿ ಸರ್" ಅಂದ. "ಆಮೇಲೆ?" ಅವನು ತಲೆ ತಗ್ಗಿಸಿದ. "ಮತ್ತೆ ಪಾಚಿಗೆ ಗೊಬ್ಬರ ಆಗ್ತೀವಪ್ಪ. ಹೋಗು, ಪಾಸು" ಎಂದು ಕಳಿಸಿದರು.

ಅವರದು ಮಾಮೂಲ್‌ಪೇಟೆಯಲ್ಲಿ ಗಾಜು ಪಿಂಗಾಣಿ ಸಾಮಾನು ಮಾರುತ್ತಿದ್ದ ಮನೆತನ. ಅಂಗಡಿಯಲ್ಲಿ ಕೂರಬೇಕಾಗಿದ್ದ ಮಗ ಸತ್ತ ಪ್ರಾಣಿಗಳ ಹಿಂದೆ ಹೋದನಲ್ಲ ಎಂದು ಅವರ ತಾಯಿಗೆ ಕೊನೆಯವರೆಗೂ ಕೊರಗಿತ್ತು. ಕಾಲೇಜಿನಿಂದ ಬಂದ ಮಗ ಹಿತ್ತಲಿನಲ್ಲೇ ಸ್ನಾನ ಮಾಡಿ, ವಿಭೂತಿ ಇಟ್ಟುಕೊಂಡ ಮೇಲೆಯೇ ಒಳಗೆ ಬರಬೇಕೆಂದು ಆಕೆ ಮಾಡಿದ್ದ ಕಟ್ಟಳೆಯನ್ನು, ಆಕೆ ಹೋದ ಮೇಲೂ ಅವರು ಬಿಡಲಿಲ್ಲ. ಅಂಗಡಿಯ ಋಣ ಮಾತ್ರ ನಮ್ಮ ಕಾಲೇಜಿಗೆ ಸಂದಿತು. ಮ್ಯೂಸಿಯಮ್ಮಿನ ಗಾಜಿನ ಜಾಡಿಗಳೆಲ್ಲ ಅಲ್ಲಿಂದಲೇ ಬಂದವು. ಕಡಲ ಪ್ರಾಣಿಗಳ ಬಗ್ಗೆ ಗಂಟೆಗಟ್ಟಲೆ ಮಾತಾಡುವ ಈ ಮನುಷ್ಯ ಕಡಲು ನೋಡಿದ್ದು ಮೂವತ್ತು ದಾಟಿದ ಮೇಲೆ, ಮತ್ತು ಕಡಲೆಂದರೆ ಅವರಿಗೆ ಚೆನ್ನಾಗಿಯೇ ಹೆದರಿಕೆಯಿತ್ತು. ಪ್ರವಾಸ ಹೋದಾಗ ಅಲೆ ಪಾದಕ್ಕೆ ತಾಗಿದರೆ ಹಿಂದಕ್ಕೆ ಹಾರುತ್ತಿದ್ದರು. "ಪೇಟೆಯವ್ನು ಮೇಡಂ ನಾನು. ನಲ್ಲೀಲಿ ಬರೋ ನೀರೇ ನಂಗೆ ಸಾಕು" ಅನ್ನುತ್ತಿದ್ದರು.

ನಮ್ಮಿಬ್ಬರ ನಡುವೆ ಒಂದು ಹಳೆಯ ಜಗಳವಿತ್ತು. ಪಾಚಿ ಸಸ್ಯಶಾಸ್ತ್ರದ ಪಾಠ. ಡಾಲ್ಫಿನ್ ಪ್ರಾಣಿಶಾಸ್ತ್ರದ್ದು. ನಾನು ಪಾಚಿಯ ಅಂಗರಚನೆ ಮುಗಿಸಿ, ಅದು ಜಲಚರಗಳಿಗೆ ಆಹಾರ ಎಂದು ಒಂದು ಸಾಲು ಬರೆಸಿ ಪುಸ್ತಕ ಮುಚ್ಚುತ್ತಿದ್ದೆ. ಅವರು ಡಾಲ್ಫಿನ್ನಿನ ಹಲ್ಲಿನಿಂದ ಶುರು ಮಾಡಿ ಮೀನು ತಿನ್ನುತ್ತದೆ ಎಂದು ಮುಗಿಸುತ್ತಿದ್ದರು. ಕಾರಿಡಾರಿನಲ್ಲಿ ಎದುರಾದರೆ, "ನಿಮ್ಮ ಪಾಚಿ ಏನಂತೆ ಮೇಡಂ?" ಎಂದು ಕಿಚಾಯಿಸುತ್ತಿದ್ದರು. "ನಿಮ್ಮ ಡಾಲ್ಫಿನ್ ನಮ್ಮ ಪಾಚಿ ಹಾಕಿದ ಅನ್ನ ತಿಂದೇ ಬದುಕಿರೋದು ಸರ್" ಎಂದು ನಾನೂ ಬಿಡುತ್ತಿರಲಿಲ್ಲ. ನಮ್ಮಿಬ್ಬರ ಪಾಠಗಳ ನಡುವೆ ಬಿದ್ದುಹೋಗಿದ್ದ ವಿಷಯವೊಂದು ಇದೆಯೆಂದು ತೊಂಬತ್ತರ ದಶಕದ ನಡುವಿನ ಒಂದು ಪ್ರವಾಸದವರೆಗೂ ನಮಗೆ ಹೊಳೆದಿರಲಿಲ್ಲ.

ಮಳೆಗಾಲ ಮುಗಿದ ಮೇಲೆ ಕೊನೆಯ ವರ್ಷದ ಹುಡುಗ ಹುಡುಗಿಯರನ್ನು ಕರೆದುಕೊಂಡು ಹೊನ್ನಾವರದ ಕಡೆಗೆ ಹೋಗಿದ್ದೆವು. ಆ ಸಲ ಕಡಲು ವಿಚಿತ್ರವಾಗಿತ್ತು. ದಡದ ಹತ್ತಿರ ನೀರೆಲ್ಲ ಬೇಳೆಸಾರಿನ ಬಣ್ಣಕ್ಕೆ ತಿರುಗಿತ್ತು. ನಾನು ಖುಷಿಯಿಂದ ಬಾಟಲಿಗಳಲ್ಲಿ ನೀರು ತುಂಬಿಕೊಂಡೆ. ಅಷ್ಟರಲ್ಲಿ ಹುಡುಗರು ಕೂಗಿದರು. ಸ್ವಲ್ಪ ದೂರದಲ್ಲಿ ಒಂದು ಡಾಲ್ಫಿನ್ ದಡಕ್ಕೆ ಬಂದು ಬಿದ್ದಿತ್ತು. ಆಗಷ್ಟೇ ಸತ್ತಂತಿತ್ತು, ಮೈಮೇಲೆ ಒಂದು ಗೀರೂ ಇರಲಿಲ್ಲ.

ಸರ್ ಸಂಭ್ರಮ ನೋಡಬೇಕಿತ್ತು. ನಮ್ಮ ಮ್ಯೂಸಿಯಮ್ಮಿನಲ್ಲಿ ಡಾಲ್ಫಿನ್ ಅಸ್ಥಿಪಂಜರ ಬೇಕೆಂದು ಅವರು ವರ್ಷಗಳಿಂದ ಜಪ ಮಾಡುತ್ತಿದ್ದರು. ಅರಣ್ಯ ಇಲಾಖೆಯವರನ್ನು ಕರೆಸಿ, ಕಾಲೇಜಿಗೆ ಫೋನ್ ಮಾಡಿಸಿ, ಅನುಮತಿ ಪಡೆದರು. ಊರಿನ ಇಬ್ಬರು ಮೀನುಗಾರರನ್ನು ಜೊತೆಗಿಟ್ಟುಕೊಂಡು ಮಾಂಸ ಬಿಡಿಸಿದರು. ಮೂಳೆಗಳನ್ನು ಗೋಣಿಚೀಲಕ್ಕೆ ಹಾಕಿ, ಹೊಟ್ಟೆ ಕರುಳು ಎಲ್ಲವನ್ನೂ ನೀರಿನಂಚಿಗೆ ಗುಂಡಿ ತೋಡಿ ಹೂಳಿಸಿದರು. ಮ್ಯೂಸಿಯಮ್ಮಿಗೆ ಬೇಕಾದದ್ದು ಮೂಳೆ. ಪ್ರಾಣಿಶಾಸ್ತ್ರದ ಯಾವ ಮೇಷ್ಟ್ರಾದರೂ ಅಂದು ಅಷ್ಟೇ ಮಾಡುತ್ತಿದ್ದರು.

ಸಂಜೆ ವಸತಿಗೃಹದ ಜಗಲಿಯಲ್ಲಿ ಮೈಕ್ರೋಸ್ಕೋಪ್ ಇಟ್ಟುಕೊಂಡು ನಾನು ಆ ನೀರಿನ ಒಂದು ಹನಿ ನೋಡಿದೆ. ಹನಿಯ ತುಂಬ ಒಂದೇ ಬಗೆಯ ಪಾಚಿ, ಕಾಲಿಡಲು ಜಾಗವಿಲ್ಲದ ಹಾಗೆ. ಸರ್ ಅನ್ನದ ತಟ್ಟೆ ಹಿಡಿದು ಅಲ್ಲೇ ಕೂತಿದ್ದರು. ನಾನು ಬಡಾಯಿ ಕೊಚ್ಚುತ್ತಾ, "ಬನ್ನಿ ಸರ್, ಕಡಲು ಪೂರ್ತಿ ನಮ್ಮ ಡಿಪಾರ್ಟ್‌ಮೆಂಟೇ ಆಗೋಗಿದೆ" ಅಂದೆ. ಅವರು ಎಡಗೈಯಲ್ಲಿ ತಟ್ಟೆ ಹಿಡಿದುಕೊಂಡೇ ಬಗ್ಗಿ ನೋಡಿದರು.

"ಇಂಥದ್ರಲ್ಲಿ ವಿಷದ್ದೂ ಇರುತ್ತಲ್ವಾ ಮೇಡಂ?"

"ಇರುತ್ತೆ ಸರ್. ಇದು ಅದೇ ಅಂತ ನೋಡಿ ಹೇಳಕ್ಕಾಗಲ್ಲ. ಪರೀಕ್ಷೆ ಮಾಡಿಸ್ಬೇಕು."

"ಇದನ್ನ ತಿನ್ನೋದ್ಯಾರು?"

"ಬೂತಾಯಿ ಥರದ ಮೀನು."

ನಾನು ತಮಾಷೆಗೆ ಅವರ ಮಾತನ್ನೇ ಅವರಿಗೆ ತಿರುಗಿಸಿದೆ. "ಆಮೇಲೆ ಸರ್?"

ಅವರು ನಗಲಿಲ್ಲ. ಕೈಯಲ್ಲಿದ್ದ ತಟ್ಟೆ ಕೆಳಗಿಟ್ಟರು. "ಹೊಟ್ಟೆ ತುಂಬ ಬೂತಾಯಿನೇ ಇತ್ತು ಮೇಡಂ. ನಾನೇ ನೋಡ್ದೆ. ನೋಡಿ, ನಾನೇ ಹೂಳಿಸ್ಬಿಟ್ಟೆ."

ಅಷ್ಟು ಹೊತ್ತಿಗೆ ನೀರು ಕೊಡಲು ಬಂದಿದ್ದ ವಸತಿಗೃಹದ ಅಜ್ಜಿ ಇನ್ನೊಂದು ಸುದ್ದಿ ಹೇಳಿದಳು. ಆ ಪ್ರಾಣಿ ಹಿಂದಿನ ದಿನವೆಲ್ಲ ದಡದ ಹತ್ತಿರವೇ ದಾರಿ ತಪ್ಪಿದ್ದರ ಹಾಗೆ ಗಿರ್ರನೆ ಸುತ್ತುತ್ತಿತ್ತಂತೆ, ಮೈ ನಡುಗುತ್ತಿತ್ತಂತೆ. ಸರ್ ಅಂದು ಮತ್ತೆ ತಟ್ಟೆ ಮುಟ್ಟಲಿಲ್ಲ. ನಾನು ನೋಡಿದ ಹಾಗೆ ಅವರು ಊಟ ಬಿಟ್ಟು ಎದ್ದದ್ದು ಅದೊಂದೇ ಸಲ.

ಬೆಳಿಗ್ಗೆ ನಾವು ಹೊರಡಲು ಬಸ್ಸಿನ ಹತ್ತಿರ ಬಂದರೆ ಸರ್ ಇರಲಿಲ್ಲ. ಹುಡುಕಿಕೊಂಡು ದಡಕ್ಕೆ ಹೋದೆವು. ರಾತ್ರಿ ಉಕ್ಕಿ ಬಂದ ಭರತದ ನೀರು ಗುಂಡಿಯನ್ನು ಸಮ ಮಾಡಿಬಿಟ್ಟಿತ್ತು. ಎಲ್ಲಿ ನೋಡಿದರೂ ಒಂದೇ ಮರಳು. ಯಾರದೋ ಗುದ್ದಲಿ ಇಸಿದುಕೊಂಡು, ಪ್ಯಾಂಟು ಮಡಚಿ, ಅಲೆ ಪಾದಕ್ಕೆ ತಾಗಿದರೆ ಹಾರುತ್ತಿದ್ದ ಆ ಮನುಷ್ಯ ಮೊಣಕಾಲುದ್ದ ನೀರಿನಲ್ಲಿ ನಿಂತು ಅಗೆಯುತ್ತಿದ್ದರು. ಅಗೆದಷ್ಟೂ ನೀರು ಬಂದು ತುಂಬುತ್ತಿತ್ತು. ಡ್ರೈವರ್ ಹಾರನ್ ಹೊಡೆಯುತ್ತಿದ್ದ. ನಮಗೆ ಯಾರಿಗೂ ಅವರನ್ನು ಕರೆಯುವ ಧೈರ್ಯ ಬರಲಿಲ್ಲ. ಶಶಿಕಲಾ ಎಂಬ ಹುಡುಗಿ, ಹಿಂದಿನ ದಿನ ದುಪಟ್ಟಾದಲ್ಲಿ ಮೂಗು ಮುಚ್ಚಿಕೊಂಡು ದೂರ ನಿಂತಿದ್ದವಳು, ಒಂದು ತೆಂಗಿನ ಚಿಪ್ಪು ಹೆಕ್ಕಿಕೊಂಡು ನೀರಿಗಿಳಿದು ಅವರ ಪಕ್ಕದಲ್ಲಿ ತಾನೂ ತೋಡತೊಡಗಿದಳು. ಕೊನೆಗೆ ಅವರೇ ಗುದ್ದಲಿ ಎತ್ತಿಕೊಂಡು ಬಂದರು. "ಬಾಮ್ಮ, ಸಾಕು. ಸಮುದ್ರ ತಗೊಂಡೋಗಿದೆ" ಅಂದರು.

ಮೂಳೆಯ ವಾಸನೆಗೆ ನಮ್ಮ ಬಸ್ಸಿನ ಡ್ರೈವರ್ ಚೀಲ ಹತ್ತಿಸಲು ಒಪ್ಪಲಿಲ್ಲ. ನಮ್ಮನ್ನು ಕಳಿಸಿ, ಸರ್ ಬೇರೆ ಬಸ್ಸಿನ ಟಾಪಿನ ಮೇಲೆ ಚೀಲ ಕಟ್ಟಿಸಿಕೊಂಡು ಒಬ್ಬರೇ ಕಲಾಸಿಪಾಳ್ಯಕ್ಕೆ ಬಂದಿಳಿದರು. ಆಟೋದವರು ಹತ್ತಿರ ಬಂದು ಮೂಗು ಮುಚ್ಚಿಕೊಂಡು ಹೊರಟುಹೋದರು. ಶಶಿಕಲಾಳ ತಂದೆಗೆ ಅಲ್ಲೇ ತರಕಾರಿ ಮಂಡಿ. ಸರ್ ಚೀಲಗಳನ್ನು ಕೂಲಿಯವನ ತಲೆ ಮೇಲೆ ಹೊರಿಸಿ ನೆಟ್ಟಗೆ ಅಲ್ಲಿಗೆ ಹೋದರು. ಅವಳ ತಂದೆ ಚೀಲದ ಬಾಯಿ ಬಿಚ್ಚಿ ನೋಡಿ, "ಇದೇನ್ ಮಹಾ ಸರ್, ಹೂಕೋಸು ಕೊಳೆತ್ರೂ ಹಿಂಗೇ ಇರುತ್ತೆ. ಹತ್ತಿ ಗಾಡಿ" ಎಂದು ತಮ್ಮ ಟೆಂಪೋದಲ್ಲಿ ಬದನೆಕಾಯಿ ಮೂಟೆಗಳ ನಡುವೆ ಡಾಲ್ಫಿನ್ನನ್ನೂ ಸರ್ ಅವರನ್ನೂ ಕೂರಿಸಿ ಬಸವನಗುಡಿಗೆ ತಂದುಬಿಟ್ಟರು. ಕಾಲೇಜಿನ ಹಿಂದೆ ಡ್ರಮ್ಮುಗಳಲ್ಲಿ ಮೂಳೆ ನೆನೆಹಾಕಿದ್ದ ಅಷ್ಟೂ ದಿನ ಅಕ್ಕಪಕ್ಕದ ಮನೆಗಳವರು ನಮ್ಮನ್ನು ಶಪಿಸಿದರು. ಅವರ ಶಾಪವೇನೂ ತಟ್ಟಲಿಲ್ಲ. ಶಶಿಕಲಾಳ ತರಗತಿಯವರೇ ಮೂಳೆಗಳನ್ನೆಲ್ಲ ತಂತಿಯಲ್ಲಿ ಜೋಡಿಸಿ ನಿಲ್ಲಿಸಿದರು.

ಗಾಜಿನ ಬೀರುವಿಗೆ ಡಾಲ್ಫಿನ್ ಇಡುವ ದಿನ ಸರ್ ನನ್ನನ್ನು ಕರೆದು, "ನಿಮ್ಮ ನೀರಿನ ಬಾಟ್ಲಿ ಕೊಡಿ ಮೇಡಂ" ಅಂದರು. ಅದನ್ನು ಬೀರುವಿನ ಎಡಗಡೆ ಇಟ್ಟರು. ಬಲಗಡೆ ಡಾಲ್ಫಿನ್. ನಡುವೆ, ಮಾಮೂಲ್‌ಪೇಟೆಯಿಂದ ಹೊಸದಾಗಿ ತಂದಿದ್ದ ದೊಡ್ಡ ಜಾಡಿಯೊಂದನ್ನು ಖಾಲಿಯಾಗಿಯೇ ಇಟ್ಟು, ಮುಚ್ಚಳ ಹಾಕಿ, ಅದರ ಮೇಲೆ 'ಹೊಟ್ಟೆಯಲ್ಲಿದ್ದದ್ದು' ಎಂದು ಬರೆದು ಅಂಟಿಸಿದರು. ಡಾಲ್ಫಿನ್ ಮುಂದಿನ ಚೀಟಿಯಲ್ಲಿ ಸಾವಿನ ಕಾರಣ ಎಂಬ ಜಾಗದಲ್ಲಿ 'ಗೊತ್ತಿಲ್ಲ' ಎಂದು ಬರೆದರು. ವಿಷದ ಪಾಚಿಯಿಂದ ಅಂತಲೇ ಬರೆಯೋಣ ಸರ್ ಎಂದು ಹುಡುಗರು ಹಟ ಹಿಡಿದರು. "ಅನುಮಾನ ನಂಗೂ ಇದೆ. ಅನುಮಾನಾನ ಬೀರೂಲಿ ಇಡಕ್ಕಾಗಲ್ಲಪ್ಪ" ಅಂದರು.

ಆ ವರ್ಷದಿಂದ ನಾವಿಬ್ಬರೂ ಸೇರಿ ಆ ಬೀರುವಿನ ಮುಂದೆ ಒಂದು ಪಾಠ ಮಾಡತೊಡಗಿದೆವು. ಪಠ್ಯದಲ್ಲಿ ಅದು ಇರಲಿಲ್ಲ. ಕಡಲಿಗೆ ಗೊಬ್ಬರ, ಕೊಳಚೆ ಹರಿದು ಬಂದೋ, ಬಿಸಿಲು ಗಾಳಿ ಹೊಂದಿಕೊಂಡೋ ಪಾಚಿ ಹೇಗೆ ಉಕ್ಕಿ ಬೆಳೆಯುತ್ತದೆ, ಅವುಗಳಲ್ಲಿ ಕೆಲವು ಹೇಗೆ ವಿಷ ಮಾಡುತ್ತವೆ ಎಂದು ನಾನು ಹೇಳುತ್ತಿದ್ದೆ. ಅಲ್ಲಿಂದ ಮುಂದೆ ಅವರು. "ನಮ್ಮ ಪೇಟೇಲಿ ಕಲಬೆರಕೆ ಎಣ್ಣೆ ಬಂತು ಅಂತಿಟ್ಕೊಳ್ಳಿ. ಸಗಟು ವ್ಯಾಪಾರಿಗೆ ಏನೂ ಆಗಲ್ಲ. ಚಿಲ್ಲರೆ ಅಂಗಡಿಯವ್ನಿಗೂ ಏನೂ ಆಗಲ್ಲ. ಮನೇಗೆ ತಗೊಂಡೋಗಿ ತಿಂದೋರಿಗೆ ಆಗುತ್ತೆ. ಮೀನು ಬರೀ ವ್ಯಾಪಾರಿ. ಎಷ್ಟೋ ಸಲ ಅದಕ್ಕೇನೂ ಆಗಲ್ಲ. ಆ ಮೀನನ್ನ ರಾಶಿ ರಾಶಿ ತಿನ್ನುತ್ತಲ್ಲ, ಡಾಲ್ಫಿನ್ನು, ಕಡಲಸಿಂಹ, ಅವಕ್ಕೆ ವಿಷ ಮಿದುಳಿಗೆ ಏರುತ್ತೆ. ಸೆಟೆದು ನಡುಗ್ತವೆ. ತಾವು ದಿನಾ ಓಡಾಡೋ ದಾರೀನೇ ಮರೀತವೆ. ಬಸುರಿಯಾಗಿದ್ರೆ ಹೊಟ್ಟೇಲಿರೋ ಮರೀಗೂ ಹೋಗುತ್ತೆ."

ಆಮೇಲೆ ಇನ್ನೊಂದು ಮಾತು ಹೇಳುತ್ತಿದ್ದರು. ಕೆಲವು ಪಾಚಿಗಳ ವಿಷ ಅಲೆ ಒಡೆದಾಗ ಗಾಳಿಗೂ ಸೇರುತ್ತದೆ, ದಡದಲ್ಲಿ ನಿಂತವರಿಗೂ ಕೆಮ್ಮು ಬರುತ್ತದೆ. "ಮೀನಾಗಿದ್ರೆ ಕೆಳಗೇ ಇದ್ಬಿಡಬಹುದಿತ್ತು. ಇದು ನಮ್ಮೋರು. ಹಾಲು ಕುಡಿದು ಬೆಳೆದಿದ್ದು. ಉಸಿರಿಗೆ ಮೇಲೆ ಬರಲೇಬೇಕು. ಮೇಲೆ ಬಂದ್ರೆ ಅಲ್ಲೂ ವಿಷ." ಅಷ್ಟು ಹೇಳಿ ಡಾಲ್ಫಿನ್ನಿನ ತಲೆಬುರುಡೆಯ ಮೇಲಿದ್ದ ಉಸಿರಿನ ತೂತನ್ನು ಕಡ್ಡಿಯಲ್ಲಿ ತೋರಿಸುತ್ತಿದ್ದರು.

ಒಮ್ಮೆ ಕಾಲೇಜಿಗೆ ಪರಿಶೀಲನೆಯ ಸಮಿತಿ ಬಂತು. ಸದಸ್ಯರೊಬ್ಬರು ಬೀರುವಿನ ಮುಂದೆ ನಿಂತು, "ಈ ಜಾರ್ ಖಾಲಿ ಇದ್ಯಲ್ಲ?" ಎಂದು ಕೇಳಿದರು. ನಮ್ಮ ಪ್ರಿನ್ಸಿಪಾಲರ ಮುಖ ಸಪ್ಪಗಾಯಿತು. ಸಮಿತಿಯವರು ಹೋದ ಮೇಲೆ ಪ್ರಿನ್ಸಿಪಾಲರು ಸರ್ ಅವರನ್ನು ಕರೆದು ಸಮಾಧಾನದಿಂದಲೇ, "ಅದ್ರಲ್ಲಿ ಒಂದು ಹಾವಾದ್ರೂ ಹಾಕಿಡಿ ಸಾರ್. ಖಾಲಿ ಇದ್ರೆ ಚೆನ್ನಾಗಿರಲ್ಲ" ಅಂದರು.

"ಅದು ಖಾಲಿ ಇರ್ಲಿ ಅಂತಲೇ ಇಟ್ಟಿರೋದು ಸಾರ್."

"ಎಲ್ಲೀ ತನಕ ಹಿಂಗೇ ಇರುತ್ತೆ?"

"ನಮ್ಮ ಮಕ್ಕಳಲ್ಲಿ ಯಾರಾದ್ರೂ ಒಬ್ರು ಮೂಳೆಗಿಂತ ಮೊದ್ಲು ಹೊಟ್ಟೆ ಎತ್ತಿಡೋ ತನಕ. ಆಮೇಲೆ ನಾನೇ ತೆಗೆದ್ಬಿಡ್ತೀನಿ."

ಪ್ರಿನ್ಸಿಪಾಲರು ನನ್ನ ಮುಖ ನೋಡಿದರು. ಬೇರೆ ಯಾರಿಗೂ ಎದುರು ಮಾತಾಡದ ಮನುಷ್ಯ ಆ ಒಂದು ಜಾಡಿಗಾಗಿ ಕಾಲೂರಿ ನಿಂತದ್ದು ನೋಡಿ ನನಗೆ ಹೆಮ್ಮೆಯಾಗಿತ್ತು. ನಾನೂ ಇರಲಿ ಸಾರ್ ಅಂದೆ. ಜಾಡಿ ಉಳಿಯಿತು.

ಅವರು ನಿವೃತ್ತರಾದರು. ಬೀಳ್ಕೊಡುಗೆಯ ದಿನ ಹಾರ, ಶಾಲು ಎಲ್ಲ ಮುಗಿದ ಮೇಲೆ ಒಬ್ಬರೇ ಮ್ಯೂಸಿಯಮ್ಮಿಗೆ ಹೋಗಿ ಜಾಡಿಯ ಧೂಳು ಒರೆಸುತ್ತಿದ್ದರು. "ಇದೊಂದು ತುಂಬಲಿಲ್ಲ ಮೇಡಂ" ಅಂದರು. ಅಷ್ಟು ವರ್ಷ ಸರ್ವಿಸ್ ಮಾಡಿದವರಿಗೆ ಹೇಳಿಕೊಳ್ಳಲು ಬೇರೇನೂ ಇರಲಿಲ್ಲವೇ ಎಂದು ನನಗೆ ಸಿಟ್ಟೇ ಬಂತು.

ಅದಾದ ಕೆಲವು ವರ್ಷಗಳ ಮೇಲೆ ಶಶಿಕಲಾ ಫೋನ್ ಮಾಡಿದಳು. ಅವಳು ಕಡಲ ಜೀವಿಗಳ ಕೆಲಸಕ್ಕೇ ಸೇರಿ ಕರಾವಳಿಯಲ್ಲಿ ನೆಲೆಸಿದ್ದಳು. "ಮೇಡಂ, ನಿನ್ನೆ ಇಲ್ಲೊಂದು ಡಾಲ್ಫಿನ್ ಬಂದು ಬಿದ್ದಿತ್ತು. ನೀರೂ ಬಣ್ಣ ತಿರುಗಿತ್ತು. ಮೊದ್ಲು ಹೊಟ್ಟೆ, ಪಿತ್ತಜನಕಾಂಗ ಎಲ್ಲಾ ಐಸಲ್ಲಿಟ್ಟು ಲ್ಯಾಬಿಗೆ ಕಳಿಸ್ದೆ. ಸರ್‌ಗೆ ಹೇಳ್ಬಿಡಿ. ನಂಗೆ ಅವ್ರ ಹತ್ರ ಮಾತಾಡಕ್ಕೆ ಧೈರ್ಯ ಇಲ್ಲ, ಅಳು ಬರುತ್ತೆ" ಅಂದಳು.

ನಾನು ಆಟೋ ಹಿಡಿದು ಚಾಮರಾಜಪೇಟೆಗೆ ಓಡಿದೆ. ಸರ್ ಆಗಲೇ ಬಹಳ ಇಳಿದುಹೋಗಿದ್ದರು, ಹೃದಯದ ತೊಂದರೆ. ಸುದ್ದಿ ಕೇಳಿದವರು ಮಂಚದ ಮೇಲೆ ಎದ್ದು ಕೂತರು. "ಫಾರ್ಮಲಿನ್‌ಗೆ ಹಾಕಿಲ್ಲ ತಾನೆ? ಹಾಕಿದ್ರೆ ಪರೀಕ್ಷೆ ಕೆಡುತ್ತೆ." ಇಲ್ಲ ಸರ್, ಐಸು ಅಂದೆ. "ನೀರೂ ಹಿಡಿದಿದಾಳಾ?" ಹಿಡಿದಿದ್ದಾಳೆ ಸರ್. ಅವರ ಹೆಂಡತಿ ಒಳಗಿನಿಂದ ಬಂದು, "ಏನ್ರೀ, ಮೊಮ್ಮಗು ಹುಟ್ಟಿದ ಸುದ್ದಿ ಬಂದಾಗ್ಲೂ ಹಿಂಗೆ ಎದ್ದು ಕೂತಿರ್ಲಿಲ್ಲ" ಅಂದರು. ಆ ದಿನದಿಂದ ಫಲಿತಾಂಶ ಬಂತೇ ಎಂದು ನನಗೆ ಫೋನ್ ಮೇಲೆ ಫೋನ್.

ಫಲಿತಾಂಶ ಬಂತು. ವಿಷ ಇರಲಿಲ್ಲ. ಬಲೆಗೆ ಸಿಕ್ಕಿ, ಉಸಿರಿಗೆ ಮೇಲೆ ಬರಲಾಗದೆ ಸತ್ತದ್ದಂತೆ. ಇದನ್ನು ಅವರಿಗೆ ಹೇಗೆ ಹೇಳುವುದು ಎಂದು ನನಗೆ ತೋಚಲಿಲ್ಲ. ತಮ್ಮ ಅನುಮಾನ ಒಮ್ಮೆಯಾದರೂ ನಿಜವಾಗಲಿ ಎಂದು ಕಾಯುತ್ತಿದ್ದವರು ಎಂದುಕೊಂಡಿದ್ದೆ. ಫೋನಿನಲ್ಲಿ ಬೇಡವೆಂದು ಮನೆಗೇ ಹೋದೆ. ಕಾಫಿ ಬಂತು. ಅವರು ಲೋಟ ಹಿಡಿದು ಕಾಯುತ್ತಿದ್ದರು.

"ಆಮೇಲೆ?"

"ವಿಷ ಸಿಕ್ಲಿಲ್ಲ ಸರ್. ಬಲೆಯಿಂದ ಸತ್ತಿದ್ದಂತೆ."

ಅವರು ಕಾಫಿಯನ್ನು ನಿಧಾನವಾಗಿ ಮುಗಿಸಿದರು. ಮುಖದಲ್ಲಿ ಬೇಸರ ಹುಡುಕಿದೆ, ಕಾಣಲಿಲ್ಲ. "ಏನೂ ಇಲ್ಲ ಅಂತ ಹೇಳಕ್ಕೂ ಹೊಟ್ಟೆ ಬೇಕಲ್ಲ ಮೇಡಂ. ಅದ್ಯಾಕೆ ಸತ್ತಿತು ಅಂತ ಗೊತ್ತಾಯ್ತು. ನಮ್ಮದರ ಬಗ್ಗೆ ಅಷ್ಟೂ ಹೇಳಕ್ಕಾಗಲಿಲ್ಲ ನನ್ ಕೈಲಿ." ಲೋಟ ಕೆಳಗಿಟ್ಟು, ಬಹಳ ಹಗುರವಾದ ಧ್ವನಿಯಲ್ಲಿ, "ಆ ಜಾರ್ ತೆಗೆದ್ಬಿಡಿ ಇನ್ಮೇಲೆ. ಪ್ರಿನ್ಸಿಪಾಲ್ರಿಗೆ ಮಾತು ಕೊಟ್ಟಿದ್ದೆ. ನಂಗೆ ಬರಕ್ಕಾಗಲ್ಲ" ಅಂದರು. ತೆಗೀತೀನಿ ಸರ್ ಅಂದೆ. ನಾಳೆ, ನಾಡಿದ್ದು ಎನ್ನುವಷ್ಟರಲ್ಲಿ ಅವರೇ ಹೋಗಿಬಿಟ್ಟರು.

ಶಿವಗಣಾರಾಧನೆಯ ಊಟ ಮುಗಿಸಿ ನಾನು ಮನೆಗೆ ಹೋಗಲಿಲ್ಲ. ನೇರ ಕಾಲೇಜಿಗೆ ಹೋಗಿ, ಮ್ಯೂಸಿಯಂ ಬೀರುವಿನ ಬೀಗ ತೆಗೆಸಿ, ಜಾಡಿಯನ್ನು ಕೈಗೆ ತೆಗೆದುಕೊಂಡೆ. ಅವರ ಅಕ್ಷರ ಮಾಸಿತ್ತು, ಓದಲು ಬರುತ್ತಿತ್ತು. ಅಷ್ಟರಲ್ಲಿ ಅವರ ಜಾಗಕ್ಕೆ ಬಂದಿದ್ದ ಹೊಸ ಮೇಷ್ಟ್ರು, ಸರ್ ಅವರನ್ನು ಒಮ್ಮೆಯೂ ನೋಡಿರದ ಹುಡುಗ, ಬಾಗಿಲಲ್ಲಿ ನಿಂತು ಗಾಬರಿಯಿಂದ ಕೇಳಿದ.

"ಮೇಡಂ, ಅದನ್ನೆಲ್ಲಿಗೆ ತಗೊಂಡೋಗ್ತಿದೀರಾ?"

"ತೆಗೆದ್ಬಿಡಿ ಅಂತ ಸರ್ ಹೇಳಿದ್ರು ಕಣಪ್ಪ."

"ಬೇಡ ಮೇಡಂ. ಮಕ್ಕಳು ಒಳಗೆ ಬಂದ ತಕ್ಷಣ ಡಾಲ್ಫಿನ್ ನೋಡಲ್ಲ, ಇದು ಯಾಕೆ ಖಾಲಿ ಅಂತ ಕೇಳ್ತಾರೆ. ನಾನು ಪಾಠ ಶುರು ಮಾಡೋದೇ ಅಲ್ಲಿಂದ."

ನಾನು ಜಾಡಿಯನ್ನು ಸೆರಗಿನಲ್ಲಿ ಒರೆಸಿ ಇದ್ದ ಜಾಗದಲ್ಲೇ ಇಟ್ಟು ಬೀರು ಮುಚ್ಚಿದೆ. ಅಷ್ಟು ವರ್ಷಗಳಲ್ಲಿ ಸರ್ ಮಾತು ಮೀರಿದ್ದು ಅದೊಂದೇ ಸಲ.